ಬಲೆ ಬಿಡುವ ಮುನ್ನ

ಮಗಳ ಬಾಣಂತನಕ್ಕೆಂದು ಸಿಯಾಟಲ್‌ಗೆ ಹೋದವಳು ನಾನು. ಏಪ್ರಿಲ್‌ನಲ್ಲಿ ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿ, ಫಲಿತಾಂಶದ ಪಟ್ಟಿಗೆ ಸಹಿ ಹಾಕಿ, ಸಾರಿನ ಪುಡಿ, ಬೆಳ್ಳುಳ್ಳಿ ಲೇಹ್ಯ, ಹಳೆಯ ಸೀರೆ ಹರಿದು ಹೊಲಿದ ಮಗುವಿನ ಬಟ್ಟೆ ಎಲ್ಲವನ್ನೂ ಎರಡು ಸೂಟ್‌ಕೇಸಿಗೆ ತುರುಕಿಕೊಂಡು ವಿಮಾನ ಹತ್ತಿದ್ದೆ. ಹೆರಿಗೆಗೆ ಇನ್ನೂ ಮೂರು ವಾರವಿತ್ತು. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಹಾಗಾಗಿ ತಾಯಿ ಮಗಳು ಇಬ್ಬರೂ ಸಂಜೆ ಕೋಟು ತೊಟ್ಟು ಹೊರಡುತ್ತಿದ್ದೆವು. ಒಂದು ದಿನ ಅವಳು, "ಅಮ್ಮ, ನೀನು ಕರಾವಳಿಯವಳಲ್ಲವೇ, ಬಾ, ಇಲ್ಲಿಯ ಬಂದರು ತೋರಿಸುತ್ತೇನೆ" ಎಂದು ಫಿಶರ್‌ಮೆನ್ಸ್ ಟರ್ಮಿನಲ್‌ಗೆ ಕರೆದುಕೊಂಡು ಹೋದಳು.

1914ರಿಂದ ಇರುವ ಬಂದರು ಅದು. ಅಲಾಸ್ಕಾಕ್ಕೆ ಹೋಗುವ ನೂರಾರು ಬೋಟುಗಳು ಚಳಿಗಾಲವನ್ನು ಅಲ್ಲಿ ಸಿಹಿನೀರಿನಲ್ಲಿ ಕಳೆಯುತ್ತವೆ. ಸಮುದ್ರದಲ್ಲಿ ತೀರಿಕೊಂಡವರ ಹೆಸರುಗಳನ್ನು ಕಂಚಿನ ಫಲಕಗಳಲ್ಲಿ ಕೆತ್ತಿದ ಒಂದು ಸ್ಮಾರಕವನ್ನು 1988ರಲ್ಲಿ ಅಲ್ಲಿ ನಿಲ್ಲಿಸಿದ್ದಾರೆ. ಆರುನೂರಕ್ಕೂ ಹೆಚ್ಚು ಹೆಸರುಗಳು. ಕೆಳಗೆ ಯಾರೋ ಇಟ್ಟುಹೋದ ಹೂವು. ನಾನು ಆ ಹೆಸರುಗಳನ್ನು ಓದುತ್ತ ನಿಂತಿದ್ದಾಗ ಮಗಳು ಸೆರಗೆಳೆದು ಬೇರೆ ಕಡೆ ತೋರಿಸಿದಳು. ಅಂಗಳದಲ್ಲಿ ರಾಶಿ ಹಾಕಿದ ಹಸಿರು ಬಲೆ. ಅದರ ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ನನ್ನದೇ ವಯಸ್ಸಿನ ಒಬ್ಬ ಹೆಂಗಸು ಬಲೆಗೆ ಹಗ್ಗ ಕಟ್ಟುತ್ತಿದ್ದಳು. ಕಿವಿಯವರೆಗೆ ಉಣ್ಣೆ ಟೋಪಿ, ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ದೋಣಿಯಾಕಾರದ ಪ್ಲಾಸ್ಟಿಕ್ ಸೂಜಿ. ಗಂಟು ಹಾಕುವುದು, ಎಳೆಯುವುದು, ಅಳತೆ ನೋಡುವುದು, ಮತ್ತೆ ಗಂಟು. ಹೂ ಕಟ್ಟುವವರ ಬೆರಳುಗಳಂತೆ ಅವಳ ಬೆರಳುಗಳೂ ಅವಳನ್ನು ಕೇಳದೆ ತಮ್ಮಷ್ಟಕ್ಕೆ ಓಡುತ್ತಿದ್ದವು.

ನನ್ನ ಇಂಗ್ಲಿಷು ಪಾಠದ ಇಂಗ್ಲಿಷು. ಆದರೂ ಮಾತಾಡಿಸಿದೆ. ಬಲೆ ಬ್ರಿಸ್ಟಲ್ ಕೊಲ್ಲಿಗೆ ಹೋಗುತ್ತದೆಯಂತೆ. ಬೋಟು ಅಲ್ಲೇ ದಡದ ಮೇಲಿದೆ, ಬಲೆಯನ್ನು ಬಾರ್ಜಿನಲ್ಲಿ ಕಳಿಸುತ್ತಾರಂತೆ. ಮೀನು ಬರುವುದು ಜೂನ್ ನಡುವಿನಿಂದ ಜುಲೈ ಮೂರನೆಯ ವಾರದವರೆಗೆ. "ಅಷ್ಟೇನಾ?" ಎಂದೆ. ಅವಳು ನಕ್ಕು, ತಾನು ಫೆಬ್ರವರಿಯಿಂದ ಗ್ಯಾರೇಜಿನಲ್ಲಿ ಬಲೆ ಕಟ್ಟುತ್ತಿದ್ದೇನೆ ಎಂದಳು. ಇಪ್ಪತ್ತು ವರ್ಷ ಬೋಟಿಗೂ ಹೋಗಿದ್ದಳಂತೆ. ಈಗ ಮೊಣಕಾಲು ನೋವು, ಮಕ್ಕಳು ಹೋಗುತ್ತಾರೆ. ನೀವೇನು ಕೆಲಸ ಮಾಡುತ್ತೀರಿ ಎಂದು ನನ್ನನ್ನು ಕೇಳಿದಳು, ಟೀಚರ್ ಎಂದೆ. ಅವಳು ತನ್ನನ್ನು 'ಫಿಶರ್‌ಮನ್' ಎಂದು ಹೇಳಿಕೊಂಡಳು. 'ಮನ್' ಎಂದರೆ ಗಂಡಸು ಅಲ್ಲವೇ ಎಂದು ಕೇಳಬೇಕೆನಿಸಿತು. ವ್ಯಾಕರಣ ತಿದ್ದುವ ಚಟ ಅಷ್ಟು ಸುಲಭವಾಗಿ ಬಿಡುತ್ತದೆಯೇ! ಕೇಳಲಿಲ್ಲ.

ಮರುದಿನ ಮಗಳ ಮನೆಯ ಹತ್ತಿರದ ಗ್ರಂಥಾಲಯಕ್ಕೆ ಹೋಗಿ, ಅಲಾಸ್ಕಾದ ಮೀನುಗಾರಿಕೆಯ ಬಗ್ಗೆ ಹೆಂಗಸರು ಬರೆದ ಪುಸ್ತಕ ಇದೆಯೇ ಎಂದು ಕೇಳಿದೆ. ಮೂರು ಪುಸ್ತಕ ಸಿಕ್ಕಿದವು. ಈ ಲೇಖನ ಆ ಮೂರು ಪುಸ್ತಕಗಳ ಬಗ್ಗೆ, ಮತ್ತು ಅವುಗಳನ್ನು ಓದಿದ ಮೇಲೆ ನನ್ನ ಮನಸ್ಸಿನಲ್ಲಿ ತಿರುಗುಮುರುಗಾದ ಇನ್ನೆರಡು ಪುಸ್ತಕಗಳ ಬಗ್ಗೆ.

ಮೊದಲು ಆ ಇನ್ನೆರಡರ ಮಾತು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಮೀನುಗಾರರ ಬದುಕನ್ನು ಕಂಡದ್ದು ಅವುಗಳ ಮೂಲಕ. ಒಂದು, 1952ರಲ್ಲಿ ಬಂದ ಹೆಮಿಂಗ್ವೆಯ 'ದಿ ಓಲ್ಡ್ ಮ್ಯಾನ್ ಅಂಡ್ ದ ಸೀ'. ಇನ್ನೊಂದು, ತಕಳಿ ಶಿವಶಂಕರ ಪಿಳ್ಳೆಯವರ 1956ರ 'ಚೆಮ್ಮೀನ್'.

ಹೆಮಿಂಗ್ವೆಯ ಮುದುಕ ಸಮುದ್ರದಲ್ಲಿ ಮೂರು ದಿನ ಮೀನಿನ ಜೊತೆ ಸೆಣಸುವುದನ್ನು ನಾವೆಲ್ಲ ಮೆಚ್ಚಿದ್ದೇವೆ. ಆದರೆ ಅವನು ಹೊರಡುವ ಹಿಂದಿನ ಸಂಜೆ, ಆ ದಿನದ ಬೆಳಗಿನ ಜಾವ, ಇವುಗಳನ್ನು ಇನ್ನೊಮ್ಮೆ ಓದಿ ನೋಡಿ. ಊಟ ತಂದುಕೊಡುವವನು ಒಬ್ಬ ಹುಡುಗ. ಗಾಳಕ್ಕೆ ಬೇಕಾದ ಸಣ್ಣ ಮೀನು ಹೊಂದಿಸುವವನು, ಕಾಫಿ ಕೊಡಿಸುವವನು, ಸಾಮಾನು ಹೊರುವವನು ಅದೇ ಹುಡುಗ. ಮನೆಯಲ್ಲಿ ಹೆಂಡತಿಯಿಲ್ಲ, ತೀರಿಕೊಂಡಿದ್ದಾಳೆ. ಗೋಡೆಯ ಮೇಲಿದ್ದ ಅವಳ ಚಿತ್ರವನ್ನೂ, ನೋಡಿದರೆ ಒಂಟಿತನ ಹೆಚ್ಚಾಗುತ್ತದೆಂದು ಮುದುಕ ಇಳಿಸಿ, ಮೂಲೆಯ ಶೆಲ್ಫಿನಲ್ಲಿ ತನ್ನ ಒಗೆದ ಅಂಗಿಯ ಕೆಳಗೆ ಇಟ್ಟಿದ್ದಾನೆ. ಇಷ್ಟು ವರ್ಷ ಈ ವಿವರವನ್ನು ನಾನು ಕರುಣರಸದ ವಿವರವೆಂದು ಓದಿದ್ದೆ. ಈಗ ಬೇರೆ ಪ್ರಶ್ನೆ ಏಳುತ್ತದೆ: ಆ ಹುಡುಗ ಮಾಡುವ ಕೆಲಸವನ್ನೆಲ್ಲ ಅವಳು ಬದುಕಿದ್ದಾಗ ಅವಳೇ ಮಾಡುತ್ತಿದ್ದಿರಬೇಕಲ್ಲವೇ? ಹುಡುಗ ಮಾಡಿದಾಗ ಅದು ಪ್ರೀತಿ, ಸಾಹಿತ್ಯ. ಅವಳು ಮಾಡಿದ್ದಾಗ ಅದರ ಬಗ್ಗೆ ಒಂದು ಸಾಲೂ ಇಲ್ಲ.

'ಚೆಮ್ಮೀನ್' ಹಾಗಲ್ಲ. ಅಲ್ಲಿ ದಡ ತುಂಬ ಹೆಂಗಸರಿದ್ದಾರೆ. ಚೆಂಬನ್‌ಕುಂಞು ಮತ್ತು ಚಕ್ಕಿ ಸ್ವಂತ ದೋಣಿ, ಸ್ವಂತ ಬಲೆ ಆಗಬೇಕೆಂದು ಕಾಸಿಗೆ ಕಾಸು ಕೂಡಿಸುತ್ತಾರೆ. ಚಕ್ಕಿ ಬುಟ್ಟಿ ಹೊತ್ತು ಮೀನು ಮಾರುತ್ತಾಳೆ. ಸಾಲದ್ದಕ್ಕೆ ಪರೀಕುಟ್ಟಿಯ ಹಣ ಬರುತ್ತದೆ. ಕಾದಂಬರಿಯ ಈ ಮೊದಲ ಭಾಗ ನಿಜಕ್ಕೂ ಸಿದ್ಧತೆಯ ಕಥೆಯೇ. ಆದರೆ ದೋಣಿ ನೀರಿಗಿಳಿದದ್ದೇ ತಡ, ಕಥೆ ಬೇರೆಡೆಗೆ ತಿರುಗುತ್ತದೆ. ಕಡಲಿಗೆ ಹೋದವನು ತಿರುಗಿ ಬರುವುದು ದಡದಲ್ಲಿರುವ ಹೆಂಡತಿಯ ಶೀಲದಿಂದ ಎಂಬ ನಂಬಿಕೆ ಕಾದಂಬರಿಯನ್ನು ಪೂರ್ತಿ ಆವರಿಸುತ್ತದೆ. ತಕಳಿಯವರು ಆ ನಂಬಿಕೆಯನ್ನು ಒಪ್ಪುತ್ತಾರೋ ಪ್ರಶ್ನಿಸುತ್ತಾರೋ ಎಂಬ ಚರ್ಚೆ ಹಳೆಯದು, ಅದು ಇಲ್ಲಿ ಬೇಡ. ನನ್ನ ತಕರಾರು ಚಿಕ್ಕದು. ಗಂಡ ಬದುಕಿ ಬರಲು ಹೆಂಡತಿಯ ಶೀಲ ಬೇಕು ಎನ್ನುವ ಕಡಲಿಗೆ, ಅವಳು ಬುಟ್ಟಿ ಹೊತ್ತು ಗಳಿಸಿದ ಕಾಸಿನ ಪಾಲೂ ಆ ದೋಣಿಯಲ್ಲಿದೆ ಎಂಬ ನೆನಪು ಏಕಿಲ್ಲ?

ಹೀಗೆ ಒಂದು ಕಡೆ ಅಂಗಿಯ ಕೆಳಗಿನ ಚಿತ್ರ, ಇನ್ನೊಂದು ಕಡೆ ದಡದ ಪತಿವ್ರತೆ. ಇವೆರಡರ ನಡುವೆ ನಿಜವಾದ ಹೆಂಗಸು ಏನು ಮಾಡುತ್ತಿರುತ್ತಾಳೆ? ಅಲಾಸ್ಕಾದ ಮೂರು ಪುಸ್ತಕಗಳನ್ನು ನಾನು ಈ ಪ್ರಶ್ನೆ ಇಟ್ಟುಕೊಂಡು ಓದಿದೆ.

ಪುಸ್ತಕಕ್ಕೆ ಹೋಗುವ ಮೊದಲು, ಅಲ್ಲಿಯ ಕೆಲಸ ಹೇಗಿರುತ್ತದೆಂದು ಸ್ವಲ್ಪ ಹೇಳಬೇಕು. ಸಾಲ್ಮನ್ ನದಿಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಕೆಲವು ವರ್ಷಗಳ ಮೇಲೆ ಹುಟ್ಟಿದ ನದಿಗೇ ಮರಳಿ, ಮೊಟ್ಟೆಯಿಟ್ಟು ಸಾಯುವ ಮೀನು. ಮರಳುವ ಆ ಕೆಲವೇ ವಾರಗಳಲ್ಲಿ ಅದನ್ನು ಹಿಡಿಯಬೇಕು. ಅಲ್ಲಿಯ ಎಷ್ಟೋ ಸಂಸಾರಗಳು ಮಕ್ಕಳು ಮರಿಗಳ ಸಮೇತ ರಸ್ತೆಯಿಲ್ಲದ ದಡಕ್ಕೆ ಹೋಗಿ, ಬೇಸಿಗೆ ಪೂರ್ತಿ ಬಿಡಾರ ಹೂಡುತ್ತವೆ. ಬಲೆಯ ಒಂದು ತುದಿಯನ್ನು ದಡಕ್ಕೆ ಕಟ್ಟಿ, ಇನ್ನೊಂದನ್ನು ಲಂಗರು ಹಾಕಿ ನೀರಿನಲ್ಲಿ ಗೋಡೆಯ ಹಾಗೆ ನಿಲ್ಲಿಸುತ್ತಾರೆ. ಮೀನು ತಲೆ ತೂರಿಸಿ ಹಿಂದಕ್ಕೆ ಸರಿಯುವಾಗ ಕಿವಿರು ಸಿಕ್ಕಿಕೊಳ್ಳುತ್ತದೆ. ಸಣ್ಣ ದೋಣಿಯಲ್ಲಿ ಹೋಗಿ ಒಂದೊಂದನ್ನೇ ಬಿಡಿಸಿ ತರಬೇಕು.

ಇದಕ್ಕೆ ಮುಂಚಿನ ಕೆಲಸದ ಪಟ್ಟಿಯನ್ನು ಕೇಳಿ. ನೈಲಾನಿನ ಜಾಲರಿಯ ಮೇಲಂಚಿಗೆ ಬೆಂಡು ಪೋಣಿಸಿದ ಹಗ್ಗ, ಕೆಳಅಂಚಿಗೆ ಸೀಸ ತುಂಬಿದ ಹಗ್ಗ. ಎರಡನ್ನೂ ಉದ್ದಕ್ಕೂ ಗಂಟು ಹಾಕಿ ಕಟ್ಟಬೇಕು. ಬಲೆಯನ್ನು ಅವರು ಅಳೆಯುವುದು ಫ್ಯಾದಮ್‌ನಲ್ಲಿ. ಹೆಸರು ಕೇಳಿ ಹೆದರಬೇಡಿ, ಎರಡು ಕೈ ಚಾಚಿದಷ್ಟು ಉದ್ದ, ನಮ್ಮ ಹಳೆಯ 'ಮಾರು' ಇದೆಯಲ್ಲ, ಅದೇ. ಬ್ರಿಸ್ಟಲ್ ಕೊಲ್ಲಿಯಲ್ಲಿ ಬೋಟಿನಿಂದ ಬಿಡುವ ಬಲೆ 150 ಮಾರು, ಅಂದರೆ 900 ಅಡಿ. ದಡಕ್ಕೆ ಕಟ್ಟುವ ಬಲೆ 50 ಮಾರು. ಹೋದ ವರ್ಷ ಹರಿದ ತೂತುಗಳನ್ನು ಹುಡುಕಿ ಹೊಲಿಯಬೇಕು. ತೇಲುವ ಬುರುಡೆಗಳಿಗೆ ಬಣ್ಣ ಹೊಡೆದು ಪರ್ಮಿಟ್ಟಿನ ನಂಬರು ಬರೆಯಬೇಕು. ಎಂಜಿನ್ ಬಿಚ್ಚಿ ನೋಡಬೇಕು. ತಣ್ಣೀರಿಗೆ ಬಿದ್ದರೆ ಜೀವ ಉಳಿಸುವ ಮೈಮುಚ್ಚುವ ಸೂಟುಗಳ ಜಿಪ್ಪು ಸರಾಗವಾಗಿ ಓಡುತ್ತದೆಯೇ ಪರೀಕ್ಷಿಸಬೇಕು. ಪೇಟೆಗೆ ಮತ್ತೆ ಹೋಗುವ ಹಾಗಿಲ್ಲದ್ದರಿಂದ ಹಿಟ್ಟು, ಸಕ್ಕರೆ, ಎಣ್ಣೆ, ಹಾಲಿನ ಪುಡಿ, ಬೆಂಕಿಪೊಟ್ಟಣ, ಜ್ವರದ ಮಾತ್ರೆ, ಮಕ್ಕಳ ಬೂಟು ಎಲ್ಲವನ್ನೂ ಲೆಕ್ಕ ಹಾಕಿ ತರಿಸಬೇಕು. ಬಿಡಾರದಲ್ಲಿ ಎಷ್ಟು ಹೊಟ್ಟೆ, ಎಷ್ಟು ದಿನ, ದಿನಕ್ಕೆಷ್ಟು ರೊಟ್ಟಿ! ಮದುವೆ ಮನೆಯ ಉಗ್ರಾಣ ನೋಡಿಕೊಂಡವರಿಗೆ ಈ ಲೆಕ್ಕದ ಕಷ್ಟ ನಾನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಮಾಡಿಯೂ ಮೀನಿಗೆ ಬೆಲೆ ಏನು ಸಿಗುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ಬ್ರಿಸ್ಟಲ್ ಕೊಲ್ಲಿಗೆ 2022ರಲ್ಲಿ ದಾಖಲೆಯಾಗಿ ಸುಮಾರು 7.9 ಕೋಟಿ ಸಾಕೈ ಸಾಲ್ಮನ್ ಬಂದವು. ಹಿಡಿದದ್ದು ಸುಮಾರು 6 ಕೋಟಿ. ಆ ವರ್ಷ ಪೌಂಡಿಗೆ ಮೂಲ ಬೆಲೆ 1.15 ಡಾಲರ್ ಇದ್ದದ್ದು ಮರುವರ್ಷ 2023ರಲ್ಲಿ 50 ಸೆಂಟಿಗೆ ಇಳಿಯಿತು. ಅದು ತಿಳಿಯುವಷ್ಟರಲ್ಲಿ ಜುಲೈ ಕಳೆಯುತ್ತ ಬಂದಿತ್ತು. ಬಲೆಗೆ, ಡೀಸೆಲ್‌ಗೆ, ದಿನಸಿಗೆ ಹಾಕಿದ ದುಡ್ಡು ಆಗಲೇ ಖರ್ಚಾಗಿತ್ತು. ಕೆಲವು ವರ್ಷ ಬಲೆ ಬಿಡುವುದಕ್ಕೇ ಆಗುವುದಿಲ್ಲ. 1989ರ ಮಾರ್ಚಿನಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ಎಣ್ಣೆ ಸಮುದ್ರಕ್ಕೆ ಚೆಲ್ಲಿ ಕೊಡಿಯಾಕ್ ದ್ವೀಪದವರೆಗೆ ಹರಡಿದಾಗ ಆ ವರ್ಷದ ಸಾಲ್ಮನ್ ಹಿಡಿಯುವುದು ಅಲ್ಲಿ ಬಹುಪಾಲು ನಿಂತೇ ಹೋಯಿತು. ಹಾಗಾಗಿ ಸಿದ್ಧತೆ ಎಂದರೆ ಬರೀ ಕೆಲಸದ ಪಟ್ಟಿಯಲ್ಲ. ಬಾರದೇ ಹೋಗಬಹುದಾದ ಆದಾಯಕ್ಕೆ ಸಂಸಾರವೊಂದು ಮುಂಗಡವಾಗಿ ಕೊಡುವ ದುಡಿಮೆ ಅದು.

ಇನ್ನು ಪುಸ್ತಕಗಳು. ಮೊದಲನೆಯದು ಲೆಸ್ಲಿ ಲೇಲ್ಯಾಂಡ್ ಫೀಲ್ಡ್ಸ್ ಅವರ 'ಸರ್ವೈವಿಂಗ್ ದಿ ಐಲ್ಯಾಂಡ್ ಆಫ್ ಗ್ರೇಸ್', 2002ರಲ್ಲಿ ಬಂದ ಆತ್ಮಕಥನ. ಇಪ್ಪತ್ತರ ಹರೆಯದಲ್ಲಿ ಮದುವೆಯಾಗಿ, 1978ರಲ್ಲಿ ಗಂಡನ ಮನೆಯವರ ಮೀನಿನ ಬಿಡಾರಕ್ಕೆ ಸೊಸೆಯಾಗಿ ಬರುತ್ತಾರೆ. ಕೊಡಿಯಾಕ್ ಬಳಿಯ ಪುಟ್ಟ ದ್ವೀಪ. ನಲ್ಲಿಯಿಲ್ಲ, ರಸ್ತೆಯಿಲ್ಲ, ನೀರು ಬಾವಿಯಿಂದ ಹೊತ್ತು ತರಬೇಕು. ಅತ್ತೆ, ಮಾವ, ಮೈದುನಂದಿರು ಎಲ್ಲರೂ ಒಟ್ಟಿಗೆ. ಅಮೆರಿಕದ ಪುಸ್ತಕವೆಂದು ಕೈಗೆತ್ತಿಕೊಂಡ ನನಗೆ, ಇದೇನಿದು, ನಮ್ಮ ಕೂಡುಕುಟುಂಬದ ಕಾದಂಬರಿ ಓದಿದ ಹಾಗಾಗುತ್ತಿದೆಯಲ್ಲ ಎನ್ನಿಸಿತು! ಹೊಸ ಸೊಸೆ ಗಂಡಸರ ಜೊತೆ ದೋಣಿಗೆ ಹೋಗಿ ಬಲೆ ಬಿಡಿಸುತ್ತಾಳೆ. ಹಿಂದಿರುಗಿ ಬಂದರೆ ಬಟ್ಟೆ ಒಗೆಯುವುದು, ಅಡಿಗೆ, ನೀರು ಕಾದಿರುತ್ತದೆ. ಬರಬರುತ್ತ ಮಕ್ಕಳಾಗುತ್ತವೆ.

ಈ ಪುಸ್ತಕದ ದೊಡ್ಡ ಗುಣವೆಂದರೆ ಬಲೆಯನ್ನೂ ಬಾಲ್ದಿಯನ್ನೂ ಒಂದೇ ಸಮನಾಗಿ ಕಾಣುವುದು. ಸಮುದ್ರದ ಗಾಳಿಗೆ ಒಂದು ಭಾಷೆ, ಒಗೆಯುವ ಕಲ್ಲಿಗೆ ಇನ್ನೊಂದು ಭಾಷೆ ಎಂದು ಲೇಖಕಿ ಭೇದ ಮಾಡುವುದಿಲ್ಲ. ಹೊರಗೆ ದುಡಿದೂ ಒಳಗಿನ ದುಡಿತ ಒಂದು ಹಿಡಿಯಷ್ಟೂ ಕಡಿಮೆಯಾಗದೇ ಇದ್ದಾಗ ಹುಟ್ಟುವ ಸಿಟ್ಟನ್ನು ಅವರು ಮುಚ್ಚಿಡುವುದೂ ಇಲ್ಲ. ಶಾಲೆಯಲ್ಲಿ ಏಳು ಪಿರಿಯಡ್ ಪಾಠ ಮಾಡಿ ಬಂದು ಒಲೆ ಹಚ್ಚುವ ನಮ್ಮಂಥವರಿಗೆ ಆ ಸಿಟ್ಟು ಹೊಸದೇನಲ್ಲ. ಆದರೂ ಮತ್ತೊಬ್ಬಳು ಅದನ್ನು ಅಚ್ಚಿನಲ್ಲಿ ಬರೆದದ್ದನ್ನು ಓದುವುದರಲ್ಲಿ ಒಂದು ಸಮಾಧಾನವಿದೆ. ನನಗೆ ಕೊರತೆಯೆನಿಸಿದ್ದು ಒಂದು. ಹೆಸರಿನಲ್ಲೇ 'ಕೃಪೆ' ಇರುವ ಈ ಪುಸ್ತಕ ಬಳಲಿಕೆಯಿಂದ ಕೃಪೆಯ ಕಡೆಗೆ ಹೊರಳುವ ಜಾಗಗಳಲ್ಲಿ ನನ್ನನ್ನು ಸ್ವಲ್ಪ ಬೇಗ ಕರೆದೊಯ್ಯುತ್ತದೆ. ಲೇಖಕಿಯ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ದೈವಕೃಪೆ ಬಂದ ಮೇಲೂ ನೀರು ಯಾರು ಹೊತ್ತರು ಎಂಬ ಪ್ರಶ್ನೆ ನನ್ನಲ್ಲಿ ಉಳಿದೇ ಇತ್ತು.

ಎರಡನೆಯದು ನ್ಯಾನ್ಸಿ ಲಾರ್ಡ್ ಅವರ 'ಫಿಶ್‌ಕ್ಯಾಂಪ್', 1997ರದ್ದು. ಲೇಖಕಿ ಮತ್ತು ಅವರ ಸಂಗಾತಿ ಕುಕ್ ಇನ್ಲೆಟ್ ಎಂಬ ಕೊಲ್ಲಿಯ ಪಶ್ಚಿಮ ದಡದಲ್ಲಿ ಬಲೆ ಹಾಕುವ ಬೇಸಿಗೆಗಳ ಕಥನ. ಇಲ್ಲಿ ಗದ್ದಲ ಕಡಿಮೆ. ಹಕ್ಕಿ, ಕರಡಿ, ಗಿಡಮೂಲಿಕೆ, ದಡಕ್ಕೆ ತೇಲಿಬಂದ ಮರ ಎಲ್ಲವನ್ನೂ ನಿಂತು ನೋಡುವ ವ್ಯವಧಾನವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ದಡ ತಮ್ಮದಾಗುವ ಮೊದಲು ಯಾರದಾಗಿತ್ತು ಎಂದು ಲಾರ್ಡ್ ಕೇಳುತ್ತಾರೆ. ಅಲ್ಲಿ ದೆನಾಯಿನಾ ಜನ ತಲೆತಲಾಂತರದಿಂದ ಮೀನು ಹಿಡಿದು, ಸೀಳಿ, ಹೊಗೆಯಲ್ಲಿ ಒಣಗಿಸಿ ಚಳಿಗಾಲಕ್ಕೆ ಕೂಡಿಡುತ್ತಿದ್ದರು. ಅವರ ಭಾಷೆಯ ಶಬ್ದಗಳನ್ನು, ಊರುಗಳ ಹಳೆಯ ಹೆಸರುಗಳನ್ನು ಲೇಖಕಿ ಗೌರವದಿಂದ ಕಲಿಯಲು ನೋಡುತ್ತಾರೆ. ಅಲಾಸ್ಕಾದ ಮೂಲನಿವಾಸಿಗಳಲ್ಲಿ ಮೀನು ಸೀಳುವುದಕ್ಕೆ ಅರ್ಧಚಂದ್ರಾಕಾರದ ಒಂದು ಕತ್ತಿಯಿದೆ. 'ಉಲು' ಎಂದು ಕರೆಯುತ್ತಾರೆ, ಹೆಂಗಸಿನ ಕತ್ತಿ ಎಂದೇ ಅದಕ್ಕೆ ಹೆಸರು. ಎಂದರೆ ಮೀನಿನ ಕೆಲಸದಲ್ಲಿ ಹೆಣ್ಣಿನ ಪಾಲಿಗೆ ಅಲ್ಲಿ ಮೊದಲೇ ಒಂದು ಹೆಸರಿತ್ತು, ಒಂದು ಆಯುಧವೂ ಇತ್ತು. ಅದನ್ನು ಮರೆತು ಹೊಸದಾಗಿ ಹುಡುಕುವ ಪಾಡು ನಂತರ ಬಂದವರದು.

ಲಾರ್ಡ್ ಅವರ ಗದ್ಯ ಮೂರರಲ್ಲಿ ಹೆಚ್ಚು ಸೊಗಸಾದದ್ದು. ಆದರೆ ಆ ಸೊಗಸಿಗೆ ಬೇಕಾದ ಬಿಡುವು ಎಲ್ಲಿಂದ ಬಂತು ಎಂದೂ ನೋಡಬೇಕು. ಇಬ್ಬರ ಬಿಡಾರಕ್ಕೂ ಮಕ್ಕಳಿರುವ ಕೂಡುಕುಟುಂಬದ ಬಿಡಾರಕ್ಕೂ ವ್ಯತ್ಯಾಸವಿದೆ. ಹಕ್ಕಿಯ ಕೂಗನ್ನು ಕೇಳಿ ಗುರುತಿಸಬೇಕಾದರೆ ಮನೆಯೊಳಗೆ ಮಗು ಅಳುತ್ತಿರಬಾರದು. ಇದು ಲೇಖಕಿಯ ಮೇಲಿನ ಆಕ್ಷೇಪವಲ್ಲ. ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ, ವಾಕ್ಯದ ನಡಿಗೆಯಲ್ಲೇ ಆ ಮನೆಯ ಹೊರೆ ಎಷ್ಟೆಂದು ತಿಳಿಯುತ್ತದೆ ಎಂದಷ್ಟೇ ನನ್ನ ಮಾತು.

ಮೂರನೆಯದು ಮತ್ತೆ ಫೀಲ್ಡ್ಸ್ ಅವರದೇ, 'ದಿ ಎಂಟ್ಯಾಂಗ್ಲಿಂಗ್ ನೆಟ್'. ಇದೂ 1997ರದ್ದು. ಅಲಾಸ್ಕಾದಲ್ಲಿ ಮೀನುಗಾರಿಕೆಯನ್ನೇ ಉದ್ಯೋಗ ಮಾಡಿಕೊಂಡ ಹೆಂಗಸರು ತಮ್ಮ ಬದುಕನ್ನು ತಾವೇ ಹೇಳಿಕೊಂಡ ಸಂಗ್ರಹ. ಬೋಟಿನಲ್ಲಿ ಕೆಲಸ ಕೇಳಲು ಹೋದಾಗ ಎದುರಾದ ಅನುಮಾನ, ಗಂಡಸರಿಗಿಂತ ಎರಡು ಪಟ್ಟು ದುಡಿದು ತೋರಿಸಬೇಕಾದ ಒತ್ತಡ, ಮೈನೋವು, ಹಣ ಕೈಗೆ ಬಂದಾಗಿನ ಹೆಮ್ಮೆ, ಎಲ್ಲ ಇಲ್ಲಿವೆ. ಅಲ್ಲಿಯ ಹೆಂಗಸರಲ್ಲಿ ಎಷ್ಟೋ ಜನ ತಮ್ಮನ್ನು 'ಫಿಶರ್‌ಮನ್' ಎಂದೇ ಕರೆದುಕೊಳ್ಳುತ್ತಾರೆ. ಬಂದರಿನಲ್ಲಿ ಕಂಡ ಹೆಂಗಸು ತಪ್ಪು ವ್ಯಾಕರಣ ಆಡಿರಲಿಲ್ಲ. ಅದು ಆ ಕೆಲಸ ಮಾಡುವವರ ಹೆಸರು, ಕೆಲಸ ಮಾಡಿದ್ದೇನೆ, ಹೆಸರು ನನ್ನದೂ ಹೌದು ಎಂಬುದು ಅವರ ವಾದ. ನಮ್ಮಲ್ಲಿ 'ಮೀನುಗಾರ' ಎಂದರೆ ಹಿಡಿಯುವವನು ಕಣ್ಣಿಗೆ ಬರುತ್ತಾನೆ. 'ಮೀನುಗಾರ್ತಿ' ಎಂದರೆ ತಲೆಯ ಮೇಲೆ ಬುಟ್ಟಿ ಹೊತ್ತು ಮಾರುವವಳು ಬರುತ್ತಾಳೆ. ಒಂದೇ ಪದದ ಎರಡು ಲಿಂಗ ಎಂದು ನಾವು ಪಾಠ ಮಾಡುತ್ತೇವೆ. ಅವು ಎರಡು ಬೇರೆ ಕೆಲಸಗಳ ಹೆಸರಾಗಿಬಿಟ್ಟಿವೆ!

ಈ ಪುಸ್ತಕವನ್ನು ನಾನು ತುಂಬ ಮೆಚ್ಚಿದೆ. ಆದರೂ ಮಡಚಿಟ್ಟ ಮೇಲೆ ಒಂದು ಕಸಿವಿಸಿ ಉಳಿಯಿತು. ಇಲ್ಲಿ ಮಾತಾಡುವವರು ಮುಖ್ಯವಾಗಿ ದೋಣಿ ಹತ್ತಿದ ಹೆಂಗಸರು. ಅಡಿಗೆಮನೆ ಬಿಟ್ಟು ಬಂದು ಗಂಡಸಿನ ಕೆಲಸವನ್ನು ಗಂಡಸಿನಷ್ಟೇ ಮಾಡಿ ತೋರಿಸಿದ್ದರಿಂದ ಅವರ ಮಾತಿಗೆ ಪುಟ ಸಿಕ್ಕಿತು. ದೋಣಿ ಹತ್ತದೆ, ಫೆಬ್ರವರಿಯಿಂದ ಗಂಟು ಹಾಕಿ, ಉಗ್ರಾಣದ ಲೆಕ್ಕ ಹಾಕಿ, ಬಿಡಾರದವರಿಗೆಲ್ಲ ರೊಟ್ಟಿ ಬೇಯಿಸಿದವಳಿಗೆ ಪುಟ ಎಲ್ಲಿ? ಪುಸ್ತಕದ ವಿಷಯವೇ ದೋಣಿಯವರದ್ದಾದ್ದರಿಂದ ಇದನ್ನು ತಪ್ಪೆನ್ನಲಾರೆ. ಆದರೆ ಹೆಣ್ಣಿನ ಕೆಲಸಕ್ಕೆ ಮರ್ಯಾದೆ ಬರಬೇಕಾದರೆ ಅದು ಗಂಡಿನ ಕೆಲಸವಾಗಬೇಕು ಎಂಬ ಅಳತೆಗೋಲು ನಮಗೆ ತಿಳಿಯದಂತೆ ನಮ್ಮ ಕೈಯಲ್ಲೇ ಇರುತ್ತದೆ. ಒಳ್ಳೆಯ ಪುಸ್ತಕವೂ ಅದನ್ನು ಕೆಳಗಿಡುವುದಿಲ್ಲ.

ಈ ವಿಷಯದಲ್ಲಿ ಸಾಹಿತ್ಯಕ್ಕಿಂತ ಅಲ್ಲಿಯ ಕಾಯಿದೆ ಒಂದು ಹೆಜ್ಜೆ ಮುಂದಿದೆ ಎಂದು ನನಗೆ ತೋರಿತು. ಅಲಾಸ್ಕಾದಲ್ಲಿ 1973ರಲ್ಲಿ ಒಂದು ಕಾನೂನು ಬಂತು. ಎಷ್ಟು ಜನ ಮೀನು ಹಿಡಿಯಬಹುದೆಂದು ಮಿತಿ ಹಾಕಿ ಪರ್ಮಿಟ್ ಕೊಡುವ ಕಾನೂನು. ಪರ್ಮಿಟ್ಟು ಕಂಪನಿಯ ಹೆಸರಿಗಲ್ಲ, ಮನುಷ್ಯರ ಹೆಸರಿಗೆ. ಬಲೆ ಬಿಟ್ಟಾಗ ಆ ಹೆಸರಿನವರು ಖುದ್ದಾಗಿ ಅಲ್ಲಿರಬೇಕು. ಅದನ್ನು ಮಾರಬಹುದು, ಮಕ್ಕಳಿಗೆ ಕೊಡಬಹುದು. ಹೀಗಾಗಿ ಪರ್ಮಿಟ್ ತನ್ನ ಹೆಸರಿನಲ್ಲಿರುವ ಹೆಂಡತಿ, ಸೊಸೆ, ಮಗಳು ಕಾಗದದ ಮೇಲೆ ಯಾರಿಗೂ 'ಸಹಾಯ' ಮಾಡುತ್ತಿರುವವಳಲ್ಲ, ತಾನೇ ಹಿಡಿಯುವವಳು. ಮೀನು ಮಾರಿದ ಚೀಟಿಯಲ್ಲಿ ಅವಳ ಹೆಸರು ಇರುತ್ತದೆ. ಆ ಹಣ ಮನೆಯಲ್ಲಿ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ಯಾವ ಕಾಯಿದೆಯೂ ಹೇಳಲಾರದು. ಆದರೂ ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ ಎಂದು, ಜಮೀನಿನ ಪಹಣಿಯಲ್ಲಿ ತನ್ನ ಹೆಸರು ಹುಡುಕಿದ ಯಾವ ಹೆಂಗಸಿಗೂ ಗೊತ್ತು.

ಇಷ್ಟು ವಿಮರ್ಶೆ ಮಾಡಿದ ಮೇಲೆ ನನ್ನ ತಪ್ಪನ್ನೂ ಹೇಳದಿದ್ದರೆ ನ್ಯಾಯವಾಗಲಾರದು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕರಾವಳಿಯ ಒಂದು ಶಾಲೆಯಲ್ಲಿದ್ದೆ. ಮೀನುಗಾರರ ಮನೆಯ ಮಕ್ಕಳೇ ಹೆಚ್ಚು. ಮಳೆಗಾಲದ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯದೆ ದಡದಲ್ಲಿರುವಾಗ ಊರೆಲ್ಲ ಬಲೆ ದುರಸ್ತಿಯ ಕೆಲಸ. ಆಗ ಎಂಟನೆಯ ತರಗತಿಗೆ 'ನಮ್ಮ ಕುಟುಂಬ' ಎಂಬ ಪ್ರಬಂಧ ಕೊಟ್ಟಿದ್ದೆ. ಒಬ್ಬ ಹುಡುಗಿ ಬರೆದಿದ್ದಳು: ತಂದೆ ಮೀನು ಹಿಡಿಯುತ್ತಾರೆ, ಅಣ್ಣ ಬೋಟಿಗೆ ಹೋಗುತ್ತಾನೆ, ತಾಯಿಗೆ ಏನೂ ಕೆಲಸವಿಲ್ಲ, ಮನೆಯಲ್ಲಿರುತ್ತಾರೆ. ಅವಳ ತಾಯಿಯನ್ನು ನಾನು ದಿನಾ ಕಾಣುತ್ತಿದ್ದೆ. ಬೆಳಿಗ್ಗೆ ಶಾಲೆಗೆ ಹೋಗುವಾಗ ಅವಳು ಬುಟ್ಟಿ ಹೊತ್ತು ಬಸ್‌ಸ್ಟ್ಯಾಂಡಿನ ಕಡೆ ಓಡುತ್ತಿದ್ದಳು. ಸಂಜೆ ಬರುವಾಗ ಒಣಮೀನು ತಿರುವಿ ಹಾಕುತ್ತಿದ್ದಳು. ಮಳೆಗಾಲದಲ್ಲಿ ಜಗಲಿಯ ಮೇಲೆ ಬಲೆ ಹರಡಿಕೊಂಡು ಕೂತಿರುತ್ತಿದ್ದಳು. ಇದನ್ನೆಲ್ಲ ಕಣ್ಣಾರೆ ಕಂಡಿದ್ದ ನಾನು ಆ ಪ್ರಬಂಧದಲ್ಲಿ ಏನು ತಿದ್ದಿದೆ ಗೊತ್ತೇ? 'ತಾಯಿಗೆ' ಎಂಬಲ್ಲಿ ದೀರ್ಘ ಬರೆದಿದ್ದಳು. ಅದನ್ನು ಕೆಂಪು ಮಸಿಯಲ್ಲಿ ಹ್ರಸ್ವ ಮಾಡಿದೆ. ಹತ್ತಕ್ಕೆ ಏಳು ಅಂಕ ಕೊಟ್ಟು, ಕೆಳಗೆ 'ಚೆನ್ನಾಗಿದೆ' ಎಂದು ಬರೆದೆ.

ಸಿಯಾಟಲ್‌ನಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಫೀಲ್ಡ್ಸ್ ಅವರ ಪುಸ್ತಕ ಓದುತ್ತಿದ್ದಾಗ ಆ ಕಾಪಿ ಪುಸ್ತಕ ಕಣ್ಣ ಮುಂದೆ ಬಂತು. ಹೆಮಿಂಗ್ವೆಯನ್ನು ಆಡಿಕೊಂಡವಳು ನಾನು! ಅವನಾದರೂ ಹೆಂಡತಿಯ ಚಿತ್ರವನ್ನು ಅಂಗಿಯ ಕೆಳಗೆ ಇಡಿಸಿದ. ನಾನು ಎದುರಿಗೆ ಕೂತು ಬಲೆ ಹೊಲಿಯುತ್ತಿದ್ದವಳನ್ನೇ 'ಏನೂ ಕೆಲಸವಿಲ್ಲ' ಎಂಬ ವಾಕ್ಯದ ಕೆಳಗೆ ಮುಚ್ಚಿಟ್ಟು ಅಂಕ ಕೊಟ್ಟಿದ್ದೆ. ಆ ಹುಡುಗಿಗೆ ಈಗ ಅವಳ ಓರಗೆಯ ಮಕ್ಕಳೇ ಇರಬಹುದು. ಅವರೂ ಯಾವುದೋ ಶಾಲೆಯಲ್ಲಿ 'ನಮ್ಮ ಕುಟುಂಬ' ಬರೆದಿರಬಹುದು.

ವಿಮರ್ಶೆಯ ಕೆಲಸ ಪುಸ್ತಕದಲ್ಲಿ ಇರುವುದನ್ನು ಹೇಳುವುದು ಎಂದು ಬಿ.ಎ. ಓದುವಾಗ ಕಲಿತಿದ್ದೆ. ಇರಬೇಕಾದ ಜಾಗದಲ್ಲಿ ಯಾರು ಇಲ್ಲ ಎಂದು ಕೇಳುವುದೂ ಅದರ ಕೆಲಸವೆಂದು ಈ ಪುಸ್ತಕಗಳು ನನಗೆ ಕಲಿಸಿದವು. ಮೂರರಲ್ಲಿ ಒಂದನ್ನೇ ಓದಲು ಬಿಡುವಿರುವವರಿಗೆ ನಾನು 'ಸರ್ವೈವಿಂಗ್ ದಿ ಐಲ್ಯಾಂಡ್ ಆಫ್ ಗ್ರೇಸ್' ಓದಿ ಎನ್ನುತ್ತೇನೆ. ಕೃಪೆಯ ಮಾತು ಒಪ್ಪಲಿ ಬಿಡಲಿ, ಬಾವಿಯಿಂದ ಮನೆಯವರೆಗಿನ ಆ ದಾರಿಯನ್ನು ನೀವು ಮರೆಯಲಾರಿರಿ. ಕನ್ನಡಕ್ಕೆ ಬಂದರೆ ಇನ್ನೂ ಒಳ್ಳೆಯದು. ಅನುವಾದಿಸುವವರು ಮೊದಲ ಪುಟದಲ್ಲೇ ಒಂದು ಕಷ್ಟ ಎದುರಿಸಬೇಕಾಗುತ್ತದೆ: ದೋಣಿ ಹತ್ತುವ, ಬಲೆ ಕಟ್ಟುವ, ರೊಟ್ಟಿ ಬೇಯಿಸುವ ಆ ಒಬ್ಬಳೇ ಹೆಂಗಸಿಗೆ ಯಾವ ಪದ ಬಳಸುವುದು? ನನಗಂತೂ ಇನ್ನೂ ಹೊಳೆದಿಲ್ಲ. ಶಾಲೆ ಶುರುವಾದ ಮೇಲೆ ಮಕ್ಕಳನ್ನೇ ಕೇಳಬೇಕೆಂದಿದ್ದೇನೆ.